ರಾಕ್-ಇವಾಲ್ ಅಂಕಿ ಅಡ್ಡದಾರಿ ಹಿಡಿದಾಗ: ರಿಫ್ಟ್ ಬೇಸಿನ್ ಮೂಲಶಿಲೆಯ ದೋಷ ನಿವಾರಣೆ ಕೈಪಿಡಿ

ಧಾರವಾಡದಲ್ಲಿ ಭೂವಿಜ್ಞಾನ ಓದುವವರಿಗೆ ಕಲ್ಲಿಗೆ ಬರವಿಲ್ಲ. ಆದರೆ ಇಲ್ಲಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಬೆಂದು ಬದಲಾದದ್ದು. ಅದರಲ್ಲಿ ಎಣ್ಣೆ ಹುಡುಕುವ ಹಾಗಿಲ್ಲ. ಹಾಗಾಗಿ ಪೆಟ್ರೋಲಿಯಂ ವಿಷಯ ಆರಿಸಿಕೊಂಡ ವಿದ್ಯಾರ್ಥಿಗಳು ದೂರದ ಬಾವಿಗಳ ದತ್ತಾಂಶ ತರುತ್ತಾರೆ. ರಾಜಸ್ಥಾನದ ಬಾರ್ಮೇರ್, ಗುಜರಾತಿನ ಖಂಬಾತ್, ಆಂಧ್ರದ ಕೃಷ್ಣಾ-ಗೋದಾವರಿ. ಮೂರೂ ಭೂಪದರ ಎಳೆದಾಡಿ ಬಿರುಕು ಬಿಟ್ಟು ಕುಸಿದ ಜಾಗಗಳು, ಅಂದರೆ ರಿಫ್ಟ್ ಬೇಸಿನ್‌ಗಳು. ಬಾವಿ ಕೊರೆಯುವುದನ್ನು ಇವರು ನೋಡಿರುವುದಿಲ್ಲ, ಸ್ಯಾಂಪಲ್ ತೊಳೆದವರು ಯಾರೋ, ಯಂತ್ರ ನಡೆಸಿದವರು ಇನ್ಯಾರೋ. ಕೈಗೆ ಬರುವುದು ರಾಕ್-ಇವಾಲ್ ಅನ್ನುವ, ಕಲ್ಲು ಕಾಯಿಸಿ ಅಳೆಯುವ ಯಂತ್ರದ ಅಂಕಿಗಳಿರುವ ಒಂದು ಎಕ್ಸೆಲ್ ಹಾಳೆ ಮಾತ್ರ. ಆ ಹಾಳೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಿಫ್ಟ್ ಬೇಸಿನ್ನಿನ ಮೂಲಶಿಲೆ, ಅಂದರೆ ಎಣ್ಣೆ ಹುಟ್ಟಿಸುವ ಕಲ್ಲು, ಸಹಜವಾಗಿಯೇ ಏರುಪೇರಿನದು. ಹಳೆಯ ಸರೋವರದ ತಳದಲ್ಲಿ ಕೂತ ಕೆಸರು ಒಂದೆರಡು ಮೀಟರ್‌ಗೆ ಬದಲಾಗುತ್ತದೆ. ಅಂಕಿಗಳು ಚದುರಿವೆ ಅಂದ ತಕ್ಷಣ ಯಂತ್ರವನ್ನು ಬೈಯಬೇಡಿ, ಚದುರಿದ ಚುಕ್ಕಿಗಳನ್ನು ಸುಮ್ನೆ ಅಳಿಸಲೂಬೇಡಿ. ಯಂತ್ರದ ದೋಷ, ಸ್ಯಾಂಪಲ್ಲಿನ ಕೊಳೆ, ಲೆಕ್ಕದ ತಪ್ಪು ಇವೆಲ್ಲ ತಮ್ಮದೇ ಗುರುತು ಬಿಟ್ಟು ಹೋಗುತ್ತವೆ. ಆ ಗುರುತು ಇದ್ದ ಚುಕ್ಕಿಯನ್ನು ಮಾತ್ರ ತೆಗೆಯಿರಿ. ಗುರುತು ಸಿಗದೆ ಉಳಿದ ಏರುಪೇರು ಆ ಸರೋವರದ್ದು. ನಿಮ್ಮ ಥೀಸಿಸ್ ಇರುವುದು ಅದರಲ್ಲೇ.

ಯಂತ್ರ ಅಳೆಯುವುದು ಏನನ್ನು

ಗೊತ್ತಿದ್ದವರು ಇದನ್ನು ದಾಟಿ ಮುಂದೆ ಹೋಗಬಹುದು. ರಾಕ್-ಇವಾಲ್ ಯಂತ್ರ 1970ರ ದಶಕದಲ್ಲಿ ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯಲ್ಲಿ ರೂಪುಗೊಂಡದ್ದು. ಚಿಟಿಕೆ ಕಲ್ಲಿನ ಪುಡಿಯನ್ನು ಆಮ್ಲಜನಕ ಇಲ್ಲದ ಅನಿಲದಲ್ಲಿ ಕಾಯಿಸುತ್ತದೆ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಬರುವುದು ಆಗಲೇ ಇದ್ದ ಎಣ್ಣೆ, ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ 650ರವರೆಗೆ ಏರಿಸಿದಾಗ ಕೆರೋಜೆನ್ (ಕಲ್ಲಿನಲ್ಲಿ ಗಟ್ಟಿಯಾಗಿ ಉಳಿದ, ಬೆಂದರೆ ಎಣ್ಣೆ ಕೊಡುವ ಸಾವಯವ ವಸ್ತು) ಒಡೆದು ಬರುವುದು ಎಸ್2. ನಡುವೆ ಬರುವ ಇಂಗಾಲದ ಡೈಆಕ್ಸೈಡ್ ಎಸ್3. ಎಸ್2 ಶಿಖರ ಮುಟ್ಟುವ ಬಿಸಿಯಿಂದ ಟಿಮ್ಯಾಕ್ಸ್ ಸಿಗುತ್ತದೆ, ಅದು ಕಲ್ಲು ಎಷ್ಟು ಬೆಂದಿದೆ ಅನ್ನುವುದರ ಅಳತೆ. ಒಟ್ಟು ಸಾವಯವ ಇಂಗಾಲ ಟಿಓಸಿ. ಎಸ್2 ಅನ್ನು ಟಿಓಸಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೈಡ್ರೋಜನ್ ಸೂಚ್ಯಂಕ, ಎಚ್‌ಐ. ಎಸ್3ಗೆ ಹಾಗೇ ಮಾಡಿದರೆ ಆಕ್ಸಿಜನ್ ಸೂಚ್ಯಂಕ, ಓಐ. ಎಸ್1 ಅನ್ನು ಎಸ್1 ಮತ್ತು ಎಸ್2ರ ಮೊತ್ತದಿಂದ ಭಾಗಿಸಿದರೆ ಉತ್ಪಾದನಾ ಸೂಚ್ಯಂಕ, ಪಿಐ.

ಸಾಮಾನ್ಯ ಅಳತೆಗೋಲು ಹೀಗಿದೆ. ಎಚ್‌ಐ 600 ದಾಟಿದರೆ ಮೊದಲನೇ ಬಗೆಯ ಕೆರೋಜೆನ್ (ಹೆಚ್ಚಾಗಿ ಸರೋವರದ ಪಾಚಿಯದು), 300ರಿಂದ 600 ಎರಡನೇ ಬಗೆ (ಹೆಚ್ಚಾಗಿ ಸಮುದ್ರದ್ದು), 50ರಿಂದ 200 ಮೂರನೇ ಬಗೆ (ಹೆಚ್ಚಾಗಿ ಗಿಡಮರದ್ದು), 50ಕ್ಕಿಂತ ಕೆಳಗೆ ಸತ್ತ ಇಂಗಾಲ. 200ರಿಂದ 300ರ ನಡುವೆ ಇದ್ದದ್ದು ಎರಡು ಮತ್ತು ಮೂರರ ಮಿಶ್ರಣ. ಎಣ್ಣೆ ಹುಟ್ಟುವ ಹಂತ ಸುಮಾರು 435 ಡಿಗ್ರಿ ಟಿಮ್ಯಾಕ್ಸ್‌ನಿಂದ ಶುರುವಾಗಿ 465ರಿಂದ 470ರ ಹೊತ್ತಿಗೆ ಮುಗಿಯುತ್ತದೆ.

ಲಕ್ಷಣ: ಇಡೀ ಬಾವಿಯೇ ಅತಿಯಾಗಿ ಬೆಂದಂತೆ ಕಾಣುತ್ತದೆ

"ಸರ, ಮ್ಯಾಲಿಂದ ತಳದತನಾ ಎಲ್ಲಾ ಓವರ್‌ಮೆಚ್ಯೂರ್ ಆಗೇತ್ರಿ" ಅಂತ ವಿದ್ಯಾರ್ಥಿ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, "ಯಾವ ಕಾಲಂ ತಗೊಂಡೀ ತೋರಸವ್ವಾ." ರಾಕ್-ಇವಾಲ್ 6 ಯಂತ್ರ ಎರಡು ಬಿಸಿ ಕೊಡುತ್ತದೆ. ಟಿಪಿಎಸ್2 ಅನ್ನುವುದು ಒಲೆಯ ನಿಜವಾದ ಬಿಸಿ. ಟಿಮ್ಯಾಕ್ಸ್ ಅನ್ನುವುದು ಹಳೆಯ ಯಂತ್ರದ ಅಳತೆಗೆ ಹೊಂದಿಸಿದ ಬಿಸಿ. ಎರಡಕ್ಕೂ ನಡುವೆ ಸುಮಾರು 40 ಡಿಗ್ರಿ ಅಂತರ ಇರುತ್ತದೆ. ತಪ್ಪಿ ಟಿಪಿಎಸ್2 ಕಾಲಂ ನಕಲಾದರೆ 430 ಇರಬೇಕಾದದ್ದು 470 ಆಗಿ ಕೂರುತ್ತದೆ. ಹಸಿ ಶೇಲ್ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು) ಕೂಡ ಎಣ್ಣೆಯ ಹಂತ ಮುಗಿಸಿದ ಹಾಗೆ ಕಾಣುತ್ತದೆ.

ಇದರ ಗುರುತು ಸುಲಭ. ಎಲ್ಲಾ ಅಂಕಿಗಳೂ ಒಂದೇ ಅಳತೆಯಷ್ಟು ಮೇಲಕ್ಕೆ ಹೋಗಿರುತ್ತವೆ, ಆಳದ ಜೊತೆ ಏರುವ ಇಳಿಜಾರು ಮಾತ್ರ ಹಾಗೇ ಇರುತ್ತದೆ. ಇನ್ನೊಂದು ಗುರುತು, ಎಚ್‌ಐ. ಟಿಮ್ಯಾಕ್ಸ್ 470 ಅಂತ ಇದ್ದು ಎಚ್‌ಐ 550 ಇದ್ದರೆ ಎರಡರಲ್ಲಿ ಒಂದು ಸುಳ್ಳು. ಅಷ್ಟು ಬೆಂದ ಕಲ್ಲಿನಲ್ಲಿ ಅಷ್ಟು ಹೈಡ್ರೋಜನ್ ಉಳಿಯುವುದಿಲ್ಲ. ಜೊತೆಗೆ ಓಡಿಸಿದ ಸ್ಟ್ಯಾಂಡರ್ಡ್ ಕಲ್ಲಿನ, ಅಂದರೆ ಅಂಕಿ ಮೊದಲೇ ಗೊತ್ತಿರುವ ಕಲ್ಲಿನ ಫಲಿತಾಂಶ ಕೇಳಿ ಪಡೆಯಿರಿ. ಸ್ಟ್ಯಾಂಡರ್ಡ್ ತನ್ನ ಪ್ರಮಾಣಪತ್ರದ ಅಂಕಿಗೆ ಹೊಂದದಿದ್ದರೆ ಮುಂದೆ ಯಾವ ಚರ್ಚೆಯೂ ಬೇಡ, ಆ ಬ್ಯಾಚನ್ನೇ ಮತ್ತೆ ಓಡಿಸಬೇಕು.

ಲಕ್ಷಣ: ಟಿಮ್ಯಾಕ್ಸ್ ಮೇಲೆ ಕೆಳಗೆ ಕುಣಿಯುತ್ತದೆ

ಅಕ್ಕಪಕ್ಕದ ಸ್ಯಾಂಪಲ್‌ಗಳಲ್ಲಿ ಒಂದು 438, ಇನ್ನೊಂದು 412, ಮತ್ತೊಂದು 455. ಇಲ್ಲಿ ಕಾರಣ ಒಂದಲ್ಲ, ಹಲವು. ಬೇರ್ಪಡಿಸುವುದಕ್ಕೆ ಸಮಯ ಕೊಡಿ.

ಮೊದಲು ಎಸ್2 ಎಷ್ಟಿದೆ ನೋಡಿ. ಗ್ರಾಂ ಕಲ್ಲಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅಲ್ಲಿ ಶಿಖರವೇ ಇರುವುದಿಲ್ಲ, ಚಪ್ಪಟೆ ಗೆರೆಯ ಮೇಲೆ ಸಾಫ್ಟ್‌ವೇರ್ ಎಲ್ಲೋ ಒಂದು ಗುರುತು ಹಾಕಿರುತ್ತದೆ. ಅಂಥ ಟಿಮ್ಯಾಕ್ಸ್‌ಗೆ ಅರ್ಥವಿಲ್ಲ. ನಾನು 0.5ಕ್ಕಿಂತ ಕೆಳಗಿನದನ್ನೂ ಅನುಮಾನದಿಂದಲೇ ನೋಡುತ್ತೇನೆ. ಟಿಮ್ಯಾಕ್ಸ್ ಮಾತ್ರ ಬಿಡಿ. ಟಿಓಸಿ ಇದ್ದೇ ಇದೆ, ಅದನ್ನು ಇಟ್ಟುಕೊಳ್ಳಿ.

ಎಸ್2 ಚೆನ್ನಾಗಿದ್ದೂ ಟಿಮ್ಯಾಕ್ಸ್ ಕೆಳಗೆ ಬಿದ್ದಿದ್ದರೆ ಪೈರೋಗ್ರಾಂ ತೆರೆಯಲೇಬೇಕು. ಪೈರೋಗ್ರಾಂ ಅಂದರೆ ಯಂತ್ರ ಗೀಚಿದ ಮೂಲ ಗೆರೆ. ಎಕ್ಸೆಲ್ ಹಾಳೆ ಕೊಟ್ಟವರಿಂದ ಇದನ್ನೂ ಕೇಳಿ ಪಡೆಯಿರಿ, ಬಿಡಬೇಡಿ. ಎಸ್2 ಶಿಖರದ ಎಡಕ್ಕೆ ಒಂದು ಭುಜ ಅಥವಾ ಸಣ್ಣ ಇನ್ನೊಂದು ಶಿಖರ ಕಂಡರೆ ಅದು ಕೆರೋಜೆನ್ ಅಲ್ಲ. ಭಾರದ ಎಣ್ಣೆಯೋ ಡಾಂಬರಿನಂಥ ಬಿಟುಮೆನ್ನೋ 300 ಡಿಗ್ರಿಯಲ್ಲಿ ಆವಿಯಾಗದೆ ಎಸ್2ರೊಳಗೆ ಜಾರಿ ಬಂದಿದೆ. ಅದರ ಜೊತೆ ಪಿಐ ಜಾಸ್ತಿ ಇದ್ದು ಟಿಮ್ಯಾಕ್ಸ್ 430ರ ಕೆಳಗಿದ್ದರೆ ತೀರ್ಮಾನ ಬಹುತೇಕ ಖಚಿತ. ಹಸಿ ಕಲ್ಲು ತಾನೇ ಅಷ್ಟು ಎಣ್ಣೆ ಹುಟ್ಟಿಸಲಾರದು. ಹೊರಗಿನಿಂದ ಬಂದಿದೆ.

ಹೊರಗಿನಿಂದ ಅಂದರೆ ಎಲ್ಲಿಂದ? ಎರಡು ದಾರಿ. ಒಂದು, ಬಾವಿ ಕೊರೆಯುವಾಗ ಬಳಸಿದ ಎಣ್ಣೆ ಬೆರೆತ ಮಡ್, ಅಂದರೆ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ. ಇನ್ನೊಂದು, ಕೆಳಗಿನ ಆಳದ ಮೂಲಶಿಲೆಯಿಂದ ಹರಿದು ಬಂದು ಈ ಪದರದಲ್ಲಿ ನಿಂತ ಎಣ್ಣೆ. ಮೊದಲನೆಯದು ಕೊಳೆ. ಎರಡನೆಯದು ಸುದ್ದಿ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ಎಸೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಸ್1 ಅನ್ನು ಟಿಓಸಿಯಿಂದ ಭಾಗಿಸಿ ಆಳದ ವಿರುದ್ಧ ಗೆರೆ ಎಳೆಯಿರಿ. ಮಡ್ ಬದಲಾಯಿಸಿದ ಆಳದಿಂದ ಶುರುವಾಗಿ ಮರಳುಗಲ್ಲು, ಶೇಲ್ ಅನ್ನದೆ ಎಲ್ಲದರಲ್ಲೂ ಏರಿದ್ದರೆ ಅದು ಮಡ್. ಕೆಲವು ಪದರಗಳಲ್ಲಿ ಮಾತ್ರ, ಅದೂ ರಂಧ್ರ ಇರುವ ಮರಳುಗಲ್ಲು ಇಲ್ಲವೇ ಒಡಕಿನ ಪಕ್ಕದಲ್ಲಿ ಏರಿದ್ದರೆ ಅದು ವಲಸೆ ಬಂದ ಎಣ್ಣೆ. ಈ ಅನುಪಾತ 1 ದಾಟಿದ ಕಡೆ ಕಣ್ಣಿಡಿ. ಬಾವಿಯ ಮಡ್ ರಿಪೋರ್ಟ್ ಇಲ್ಲದೆ ಈ ಹಂತದಲ್ಲಿ ಏನನ್ನೂ ಬರೆಯಬೇಡಿ.

ಖಚಿತ ಮಾಡಿಕೊಳ್ಳುವ ದಾರಿ ಇದೆ. ಪುಡಿಯನ್ನು ಡೈಕ್ಲೋರೋಮೀಥೇನ್‌ನಂಥ ದ್ರಾವಕದಲ್ಲಿ ತೊಳೆದು, ಒಣಗಿಸಿ, ಮತ್ತೆ ಯಂತ್ರಕ್ಕೆ ಹಾಕಿ. ಭುಜ ಮಾಯವಾಗಿ ಟಿಮ್ಯಾಕ್ಸ್ ನೆರೆಯ ಸ್ಯಾಂಪಲ್‌ಗಳ ಸಾಲಿಗೆ ಬಂದರೆ ನಿಮ್ಮ ಊಹೆ ಸರಿ. ತೊಳೆದು ಬಂದ ದ್ರವವನ್ನು ಚೆಲ್ಲಬೇಡಿ, ಬಯೋಮಾರ್ಕರ್ (ಯಾವ ಜೀವಿಯಿಂದ ಬಂದದ್ದು ಅನ್ನುವ ಗುರುತು ಉಳಿಸಿಕೊಂಡ ಅಣು) ನೋಡಲು ಬೇಕಾಗುತ್ತದೆ.

ಟಿಮ್ಯಾಕ್ಸ್ ಕುಣಿಯುವುದಕ್ಕೆ ಇನ್ನೊಂದು ಕಾರಣ, ಮೇಲಿನ ಗೋಡೆಯಿಂದ ಉದುರಿದ ಚೂರು. ನವಲಗುಂದದ ಕಡೆ ಬೋರ್ ಹೊಡೆಸಿದವರಿಗೆ ಇದು ಗೊತ್ತು: ಕಲ್ಲಿನ ಪುಡಿ ಬರುತ್ತಿರುವಾಗಲೂ ನಡುನಡುವೆ ಮೇಲಿನ ಎರೆಮಣ್ಣು ಬರುತ್ತದೆ. ಎಣ್ಣೆ ಬಾವಿ ಕೊರೆಯುವಾಗ ಮೇಲೆ ಬರುವ ಚೂರು, ಅಂದರೆ ಕಟಿಂಗ್ಸ್‌ನಲ್ಲೂ ಅದೇ ಕಥೆ. ಲಿಗ್ನೈಟ್ (ಕಂದು ಕಲ್ಲಿದ್ದಲು) ಪದರಗಳು ಮೇಲಿದ್ದರೆ ತೊಂದರೆ ಜಾಸ್ತಿ. ಖಂಬಾತ್ ಮತ್ತು ಬಾರ್ಮೇರ್ ಎರಡೂ ಕಡೆ ಲಿಗ್ನೈಟ್ ಇದೆ. ಹಗುರವಾದ, ಇಂಗಾಲ ತುಂಬಿದ ನಾಲ್ಕು ಚೂರು ಸಾಕು, ಬಡ ಶೇಲ್‌ನ ಟಿಓಸಿ ಏರಿ ಟಿಮ್ಯಾಕ್ಸ್ ಇಳಿಯುತ್ತದೆ. ಪುಡಿ ಮಾಡುವ ಮುಂಚೆ ಸೂಕ್ಷ್ಮದರ್ಶಕದ ಕೆಳಗೆ ಚೂರುಗಳನ್ನು ಆರಿಸುವುದೇ ಇದಕ್ಕೆ ಮದ್ದು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಮಡ್‌ಗೆ ಹಾಕುವ ಲಿಗ್ನೈಟ್ ಪುಡಿ, ಅಕ್ರೋಟದ ಚಿಪ್ಪಿನಂಥ ಗಟ್ಟಿ ಚೂರುಗಳು ಕೂಡ ಹೀಗೇ ದಾರಿ ತಪ್ಪಿಸುತ್ತವೆ.

ಲಕ್ಷಣ: ಎಚ್‌ಐ ನಂಬಲಾಗದಷ್ಟು ಎತ್ತರ

ಸರೋವರದ ಶೇಲ್‌ನಲ್ಲಿ ಎಚ್‌ಐ 700, 800 ಬರುವುದು ಸಹಜ. 1,000 ದಾಟಿದರೆ ನಿಲ್ಲಿ. ಇಲ್ಲಿ ಇಂಗಾಲದ ಲೆಕ್ಕ ನೋಡಬೇಕು. ಯಂತ್ರದಿಂದ ಹೊರಬರುವ ಹೈಡ್ರೋಕಾರ್ಬನ್‌ನ ತೂಕದಲ್ಲಿ ಸುಮಾರು ಶೇಕಡಾ 83 ಭಾಗ ಇಂಗಾಲ. ಆದ್ದರಿಂದ ಎಸ್1 ಮತ್ತು ಎಸ್2ರ ಮೊತ್ತವನ್ನು 0.083ರಿಂದ ಗುಣಿಸಿದರೆ ಕಾಯಿಸಿದಾಗ ಹಾರಿಹೋದ ಇಂಗಾಲ ಶೇಕಡಾದಲ್ಲಿ ಸಿಗುತ್ತದೆ. ಅದು ಟಿಓಸಿಗಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಓಸಿ ಶೇಕಡಾ 1.2. ಎಸ್1 2.1, ಎಸ್2 13.5. ಮೊತ್ತ 15.6. ಗುಣಿಸಿದರೆ ಸುಮಾರು 1.29. ಇದ್ದದ್ದೇ 1.2, ಹಾರಿಹೋದದ್ದು 1.29! ಎಚ್‌ಐ 1,125. ಈ ಸಾಲು ಸುಳ್ಳು ಅನ್ನುವುದಕ್ಕೆ ಭೂವಿಜ್ಞಾನ ಬೇಕಿಲ್ಲ, ಗುಣಾಕಾರ ಸಾಕು. ಎಕ್ಸೆಲ್‌ನಲ್ಲಿ ಇದಕ್ಕೊಂದು ಕಾಲಂ ಮಾಡಿ, ದತ್ತಾಂಶ ಬಂದ ದಿನವೇ ಇಡೀ ಹಾಳೆಗೆ ಓಡಿಸಿ.

ಸುಳ್ಳು ಎಲ್ಲಿ ಹುಟ್ಟಿತು ಅಂತ ಹುಡುಕುವಾಗ ಟಿಓಸಿ ಯಾವ ಯಂತ್ರದ್ದು, ಎಸ್2 ಯಾವ ಯಂತ್ರದ್ದು ಕೇಳಿ. ಎರಡೂ ಬೇರೆ ಯಂತ್ರದಲ್ಲಿ, ಬೇರೆ ಪುಡಿಯಿಂದ ಬಂದಿದ್ದರೆ ಸ್ಯಾಂಪಲ್ ನಂಬರ್ ಒಂದು ಸಾಲು ಜರುಗಿರಬಹುದು. ಸುಣ್ಣದ ಅಂಶ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯುವಾಗ ಸಾವಯವ ಪುಡಿಯೂ ಕೊಚ್ಚಿಹೋಗಿ ಟಿಓಸಿ ಇಳಿದಿರಬಹುದು. ತುಂಬಾ ಶ್ರೀಮಂತ ಸ್ಯಾಂಪಲ್ ಓಡಿದ ಮೇಲೆ ಖಾಲಿ ಬಟ್ಟಲು ಓಡಿಸದಿದ್ದರೆ ಹಿಂದಿನದರ ಉಳಿಕೆ ಮುಂದಿನದಕ್ಕೆ ಸೇರುವುದೂ ಉಂಟು.

ಇದರ ಉಲ್ಟಾ ದೋಷವೂ ಇದೆ. ಎಸ್2 ಶಿಖರದ ತಲೆ ಚಪ್ಪಟೆಯಾಗಿ ಕತ್ತರಿಸಿದ ಹಾಗೆ ಇದ್ದರೆ ಡಿಟೆಕ್ಟರ್ ತುಂಬಿ ಹೋಗಿದೆ. ಎಣ್ಣೆಶೇಲ್, ಕಲ್ಲಿದ್ದಲು ಹಾಕುವಾಗ ಮಾಮೂಲಿ ತೂಕ ಹಾಕಬಾರದು, ಅದರ ಚಿಕ್ಕ ಭಾಗ ಸಾಕು.

ಲಕ್ಷಣ: ಒಳ್ಳೆಯ ಕಪ್ಪು ಶೇಲ್, ಆದರೆ ಎಚ್‌ಐ ಪೇಲವ

ನನ್ನ ಲೆಕ್ಕದಲ್ಲಿ ಇಡೀ ಕೈಪಿಡಿಯಲ್ಲಿ ಮುಖ್ಯವಾದ ಭಾಗ ಇದು. ಇಲ್ಲಿಯೇ ಒಳ್ಳೆಯ ಮೂಲಶಿಲೆಗೆ "ಕಳಪೆ" ಅನ್ನುವ ಮುದ್ರೆ ಬೀಳುವುದು.

ಮೊದಲ ಅನುಮಾನ ಜೇಡಿಯ ಮೇಲೆ. ಟಿಓಸಿ ಕಡಿಮೆ ಇದ್ದಾಗ ಒಡೆದು ಬಂದ ಹೈಡ್ರೋಕಾರ್ಬನ್ನಿನ ಒಂದು ಪಾಲನ್ನು ಜೇಡಿ ಖನಿಜಗಳು ಹಿಡಿದಿಟ್ಟುಕೊಳ್ಳುತ್ತವೆ. ಡಿಟೆಕ್ಟರ್‌ಗೆ ಅದು ತಲುಪುವುದೇ ಇಲ್ಲ. ಪತ್ತೆ ಹಚ್ಚಲು ಎಚ್‌ಐ ಬಿಟ್ಟು ಎಸ್2 ಮತ್ತು ಟಿಓಸಿ ನಡುವೆ ಗ್ರಾಫ್ ಹಾಕಿ. ಉದಾಹರಣೆಗೆ ಟಿಓಸಿ 1 ಇದ್ದಲ್ಲಿ ಎಸ್2 4, ಟಿಓಸಿ 3 ಇದ್ದಲ್ಲಿ ಎಸ್2 16 ಅನ್ನಿ. ಒಂದೊಂದರ ಎಚ್‌ಐ ತೆಗೆದರೆ 400 ಮತ್ತು 533, ಎರಡೂ ಎರಡನೇ ಬಗೆ ಅನ್ನಿಸುತ್ತದೆ. ಗೆರೆ ಎಳೆದರೆ ಇಳಿಜಾರು 6, ಅಂದರೆ ನಿಜವಾದ ಎಚ್‌ಐ 600. ಗೆರೆ ಸೊನ್ನೆಯನ್ನು ಮುಟ್ಟದೆ ಟಿಓಸಿ ಅಕ್ಷವನ್ನು 0.33ರಲ್ಲಿ ಕತ್ತರಿಸುತ್ತದೆ. ಆ 0.33 ಜೇಡಿ ನುಂಗಿದ ಪಾಲು, ಇಲ್ಲವೇ ಏನೂ ಕೊಡದ ಸತ್ತ ಇಂಗಾಲ. ಯಾವುದು ಅಂತ ತಿಳಿಯಲು ಹೈಡ್ರೋಕ್ಲೋರಿಕ್ ಮತ್ತು ಹೈಡ್ರೋಫ್ಲೋರಿಕ್ ಆಮ್ಲದಿಂದ ಖನಿಜಗಳನ್ನು ಕರಗಿಸಿ ಕೆರೋಜೆನ್ ಮಾತ್ರ ಉಳಿಸಿ ಮತ್ತೆ ಓಡಿಸಬೇಕು. ಎಚ್‌ಐ ಏರಿದರೆ ಜೇಡಿ. ಹೈಡ್ರೋಫ್ಲೋರಿಕ್ ಆಮ್ಲ ಜೀವಕ್ಕೆ ಅಪಾಯ. ಸರಿಯಾದ ಹೊಗೆಗೂಡು, ತರಬೇತಿ ಇಲ್ಲದ ಕಡೆ ಇದನ್ನು ಮುಟ್ಟಲೇಬೇಡಿ, ಮಾಡುವವರಿಗೆ ಕಳಿಸಿ.

ಈ ಗ್ರಾಫ್ ಹಾಕುವಾಗ ಒಂದು ಷರತ್ತು ಇದೆ: ಒಂದೇ ಪದರದ ಸ್ಯಾಂಪಲ್‌ಗಳಿಗೆ ಮಾತ್ರ ಒಂದು ಗೆರೆ. ಇಡೀ ಬಾವಿಗೆ ಒಂದೇ ಗೆರೆ ಎಳೆದರೆ ಅದು ಯಾವುದರದ್ದೂ ಅಲ್ಲ.

ಇಲ್ಲಿಂದ ರಸಾಯನ ಬಿಟ್ಟು ಪದರಕ್ಕೆ ಬರಬೇಕು. ರಿಫ್ಟ್ ಕಣಿವೆ ತುಂಬುವುದಕ್ಕೆ ಒಂದು ಕ್ರಮ ಇದೆ. ಮೊದಲು ನದಿಗಳು ಮರಳು, ಗುಂಡುಗಲ್ಲು ತರುತ್ತವೆ. ಖಂಬಾತ್‌ನ ತಳದ ಓಲ್ಪಾಡ್ ಫಾರ್ಮೇಶನ್ (ಹೆಸರಿಟ್ಟ ಪದರಗಳ ಗುಂಪು) ಅಂಥದ್ದು, ದಖನ್ ಲಾವಾ ಕಲ್ಲೇ ಒಡೆದು ಬಂದು ಕೂತದ್ದು. ಆಮೇಲೆ ಅಂಚಿನ ಒಡಕು ಜೋರಾಗಿ ಕುಸಿಯತೊಡಗುತ್ತದೆ. ಕೆಸರು ತುಂಬುವುದಕ್ಕಿಂತ ನೆಲ ಇಳಿಯುವ ವೇಗ ಜಾಸ್ತಿಯಾದಾಗ ಆಳದ ಸರೋವರ ಹುಟ್ಟುತ್ತದೆ. ಇವತ್ತಿನ ಆಫ್ರಿಕಾದ ಟ್ಯಾಂಗನಿಕಾ ನೋಡಿ, ಸುಮಾರು 1,470 ಮೀಟರ್ ಆಳ. ಮೇಲಿನ ನೀರು ಕೆಳಗಿನದರ ಜೊತೆ ಬೆರೆಯುವುದಿಲ್ಲ, ತಳದಲ್ಲಿ ಆಮ್ಲಜನಕ ಇಲ್ಲ. ಅಲ್ಲಿ ಬಿದ್ದ ಪಾಚಿ ಕೊಳೆಯದೆ ಉಳಿಯುತ್ತದೆ. ಕೊನೆಗೆ ಮುಖಜಭೂಮಿಗಳು ಬಂದು ಸರೋವರವನ್ನು ತುಂಬಿಬಿಡುತ್ತವೆ, ಗಿಡದ ಕಸ ಜಾಸ್ತಿಯಾಗುತ್ತದೆ.

ಅಂದಮೇಲೆ ಒಂದೇ ಬಾವಿಯಲ್ಲಿ ಕೆಳಗೆ ಏನೂ ಇಲ್ಲ, ನಡುವೆ ಮೊದಲನೇ ಬಗೆ, ಮೇಲೆ ಮೂರನೇ ಬಗೆ ಬರುವುದು ದೋಷವಲ್ಲ. ಅದು ಬರಬೇಕಾದದ್ದೇ. ಅಡ್ಡಲಾಗಿಯೂ ಹೀಗೇ. ಹಾಫ್ ಗ್ರಾಬೆನ್ ಅಂದರೆ ಒಂದು ಕಡೆ ಕಡಿದಾದ ಒಡಕು, ಇನ್ನೊಂದು ಕಡೆ ನಿಧಾನ ಇಳಿಜಾರು. ಒಡಕಿಗೆ ತೀರಾ ಅಂಟಿಕೊಂಡಲ್ಲಿ ಬೆಟ್ಟದಿಂದ ಉರುಳಿದ ಕಲ್ಲುಮಣ್ಣು ಸಾವಯವವನ್ನು ತೆಳುವಾಗಿಸುತ್ತದೆ. ಇಳಿಜಾರಿನ ದಂಡೆಯಲ್ಲಿ ನೀರು ಆಳವಿಲ್ಲ, ಗಾಳಿ ತಾಗುತ್ತದೆ. ನಡುವಿನ ಆಳದ ಕಡೆಗೇ ಒಳ್ಳೆಯ ಶೇಲ್. ಆದರೆ ಬಾವಿ ಕೊರೆಯುವುದು ಬಹುಪಾಲು ಎತ್ತರದ ಬ್ಲಾಕ್‌ಗಳ ಮೇಲೆ, ಯಾಕೆಂದರೆ ಎಣ್ಣೆ ನಿಲ್ಲುವುದು ಅಲ್ಲಿ. ನಿಮ್ಮ ಸ್ಯಾಂಪಲ್ ದಂಡೆಯದು ಆಗಿರುವ ಸಾಧ್ಯತೆ ಯಾವಾಗಲೂ ಹೆಚ್ಚು. "ಈ ಬೇಸಿನ್ನಿನ ಮೂಲಶಿಲೆ ಕಳಪೆ" ಅಂತ ಬರೆಯುವ ಮೊದಲು ಸೈಸ್ಮಿಕ್ ಚಿತ್ರದಲ್ಲಿ (ಕಂಪನದ ಪ್ರತಿಧ್ವನಿಯಿಂದ ತೆಗೆದ ನೆಲದೊಳಗಿನ ಚಿತ್ರ) ಬಾವಿ ಎಲ್ಲಿ ಕೂತಿದೆ ಅಂತ ಬೆರಳಿಟ್ಟು ತೋರಿಸಲು ಬರಬೇಕು.

ಈಗ ಕಟಿಂಗ್ಸ್ ಕಲಸುವ ಸಮಸ್ಯೆ. ಹತ್ತು ಮೀಟರ್‌ಗೆ ಒಂದು ಚೀಲ ಅಂದುಕೊಳ್ಳಿ. ಅದರಲ್ಲಿ 2 ಮೀಟರ್ ಸರೋವರದ ಶೇಲ್, ಟಿಓಸಿ 8, ಎಚ್‌ಐ 700. ಉಳಿದ 8 ಮೀಟರ್ ಬೂದು ಶೇಲ್, ಟಿಓಸಿ 0.8, ಎಚ್‌ಐ 120. ಎಲ್ಲ ಸೇರಿಸಿ ಪುಡಿ ಮಾಡಿದರೆ ಟಿಓಸಿ 2.24, ಎಸ್2 ಸುಮಾರು 12, ಎಚ್‌ಐ ಸುಮಾರು 534. ಇದನ್ನು ನೋಡಿದವರು "ಎರಡನೇ ಬಗೆಯ ಕೆರೋಜೆನ್, ಸಮುದ್ರ ಒಳಬಂದಿತ್ತು" ಅಂತ ಬರೆದುಬಿಡುತ್ತಾರೆ. ಅಂಥ ಕಲ್ಲು ಆ ಬಾವಿಯಲ್ಲಿ ಒಂದು ಅಂಗುಲವೂ ಇಲ್ಲ! ಇಲ್ಲದ ಸಮುದ್ರ ಕಲಸಿದ ಚೀಲದಿಂದ ಹುಟ್ಟಿತು. ಇನ್ನೊಬ್ಬರು ಎಚ್‌ಐಗಳನ್ನೇ ದಪ್ಪದ ಪ್ರಕಾರ ಸರಾಸರಿ ಮಾಡಿದರೆ 236 ಬರುತ್ತದೆ, ಅವರಿಗೆ ಅದೇ ಕಲ್ಲು ಮಿಶ್ರ ಬಗೆ. ಸೂಚ್ಯಂಕಗಳನ್ನು ಸರಾಸರಿ ಮಾಡಬಾರದು. ಎಸ್2 ಮತ್ತು ಟಿಓಸಿ ಬೇರೆಬೇರೆ ಸರಾಸರಿ ತೆಗೆದು ಆಮೇಲೆ ಭಾಗಿಸಬೇಕು, ಅದೂ ಒಂದೇ ಪದರದೊಳಗೆ.

ಕೋರ್, ಅಂದರೆ ಬಾವಿಯಿಂದ ಇಡಿಯಾಗಿ ತೆಗೆದ ಕಲ್ಲಿನ ಕಂಬ, ಇದ್ದರೆ ಪುಣ್ಯ. ಇಲ್ಲದಿದ್ದರೆ ಚೀಲದ ಚೂರುಗಳನ್ನು ಬಣ್ಣ, ಪದರ ನೋಡಿ ಎರಡು ಗುಂಪು ಮಾಡಿ ಬೇರೆಬೇರೆ ಓಡಿಸಿ. ಕೆರೋಜೆನ್ನನ್ನು ನೀಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ. ಹಳದಿಯಾಗಿ ಹೊಳೆಯುವ ಪಾಚಿ, ಅದರಲ್ಲೂ ಬೋಟ್ರಿಯೋಕಾಕಸ್ ಕಂಡರೆ ಸಿಹಿನೀರು ಇಲ್ಲವೇ ಸ್ವಲ್ಪ ಉಪ್ಪಿನ ಸರೋವರ. ಕಪ್ಪು ಮರದ ಚೂರು ಜೊತೆಗೇ ಇದ್ದರೆ ಮಿಶ್ರಣ ಕಣ್ಣಿಗೇ ಕಾಣುತ್ತದೆ.

ಹೊರಗೆ ತೆರೆದು ನಿಂತ ಬಂಡೆಯಿಂದ ಒಡೆದು ತಂದ ಸ್ಯಾಂಪಲ್ ಆದರೆ ಗಾಳಿಮಳೆಯ ಪೆಟ್ಟು ನೆನಪಿಡಿ. ಎಸ್2, ಟಿಓಸಿ ಎರಡೂ ಇಳಿದು ಓಐ ಏರಿರುತ್ತದೆ. ಒಳಕ್ಕೆ ಅಗೆದು ತಾಜಾ ಕಲ್ಲು ತೆಗೆಯುವುದೊಂದೇ ಪರಿಹಾರ.

ಲಕ್ಷಣ: ಓಐ ಮಿತಿಮೀರಿದೆ

ಇದನ್ನು ಬೇಗ ಮುಗಿಸಬಹುದು. ಟಿಓಸಿ 0.5ಕ್ಕಿಂತ ಕಡಿಮೆ ಇದ್ದರೆ ಓಐ ನೋಡಲೇಬೇಡಿ. ಟಿಓಸಿ ಚೆನ್ನಾಗಿದ್ದೂ ಓಐ ಜಾಸ್ತಿ ಇದ್ದರೆ ಸಿಡರೈಟ್ ಹುಡುಕಿ. ಈ ಕಬ್ಬಿಣದ ಕಾರ್ಬೊನೇಟ್ ಕ್ಯಾಲ್ಸೈಟ್‌ಗಿಂತ ತುಂಬಾ ಕಡಿಮೆ ಬಿಸಿಯಲ್ಲೇ ಒಡೆಯುತ್ತದೆ, ಅದರ ಅನಿಲ ಎಸ್3ರ ಲೆಕ್ಕಕ್ಕೆ ಸೇರಿಬಿಡುತ್ತದೆ. ಸಿಹಿನೀರಿನ ಸರೋವರದ ಕೆಸರಿನಲ್ಲಿ ಸಿಡರೈಟ್ ಮಾಮೂಲು. ಎಕ್ಸ್-ರೇ ಡಿಫ್ರಾಕ್ಷನ್‌ನಲ್ಲಿ ಗೊತ್ತಾಗುತ್ತದೆ, ಎಸ್3 ಗೆರೆಯ ಬಾಲ ಇದ್ದಕ್ಕಿದ್ದಂತೆ ಏರಿರುವುದರಿಂದಲೂ ಗೊತ್ತಾಗುತ್ತದೆ. ಸಿಡರೈಟ್ ಇದೆ ಅನ್ನುವುದೇ ಸರೋವರದ ನೀರಿನ ಬಗ್ಗೆ ಒಂದು ಸಾಕ್ಷಿ. ಅದನ್ನು ರಿಪೋರ್ಟಿನಲ್ಲಿ ಬರೆಯಿರಿ.

ಲಕ್ಷಣ: ಸಾವಿರ ಮೀಟರ್ ಇಳಿದರೂ ಟಿಮ್ಯಾಕ್ಸ್ ಅಲ್ಲಾಡುವುದಿಲ್ಲ, ಇಲ್ಲವೇ ಒಮ್ಮೆಗೇ ಜಿಗಿಯುತ್ತದೆ

ಅಲ್ಲಾಡದಿದ್ದರೆ ಯಂತ್ರ ಕೆಟ್ಟಿಲ್ಲ. ಮೊದಲನೇ ಬಗೆಯ ಕೆರೋಜೆನ್ನಿನ ರಚನೆ ಏಕರೂಪದ್ದು, ಬಹುಪಾಲು ಕೊಂಡಿಗಳು ಹತ್ತಿರಹತ್ತಿರದ ಬಿಸಿಯಲ್ಲೇ ಒಡೆಯುತ್ತವೆ. ಹಾಗಾಗಿ ಟಿಮ್ಯಾಕ್ಸ್ 440ರ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತಿರುತ್ತದೆ. ಇಂಥ ಕಡೆ ಟಿಮ್ಯಾಕ್ಸ್‌ನಿಂದ ವಿಟ್ರಿನೈಟ್ ಪ್ರತಿಫಲನ (ಮರದಿಂದ ಬಂದ ಚೂರಿನ ಹೊಳಪು ನೋಡಿ ಕಲ್ಲು ಎಷ್ಟು ಬೆಂದಿದೆ ಅಂತ ಹೇಳುವ ಅಳತೆ) ಲೆಕ್ಕ ಹಾಕುವ ಸೂತ್ರ ಬಳಸಬೇಡಿ. ಜನ ಬಳಸುವ ಸೂತ್ರ, ಟಿಮ್ಯಾಕ್ಸ್ ಅನ್ನು 0.018ರಿಂದ ಗುಣಿಸಿ 7.16 ಕಳೆಯುವುದು, ಸಮುದ್ರದ ಎರಡನೇ ಬಗೆಯ ಶೇಲ್‌ನಿಂದ ಬಂದದ್ದು. ವಿಟ್ರಿನೈಟ್ ನೇರ ಅಳೆದರೂ ಹುಷಾರು. ಹೈಡ್ರೋಜನ್ ತುಂಬಿದ ಶೇಲ್‌ನೊಳಗಿನ ವಿಟ್ರಿನೈಟ್ ಇರುವುದಕ್ಕಿಂತ ಕಡಿಮೆ ಪ್ರತಿಫಲನ ತೋರಿಸುತ್ತದೆ. ಪಕ್ಕದ ಸಣ್ಣ ಕಲ್ಲಿದ್ದಲು ಪದರ ಅಥವಾ ಮೂರನೇ ಬಗೆಯ ಶೇಲ್‌ನಲ್ಲಿ ಅಳೆದು ಹೋಲಿಸಿ. ಪಿಐ ಆಳದ ಜೊತೆ 0.1 ದಾಟಿ ನಿಧಾನ ಏರುತ್ತಿದ್ದರೆ ಎಣ್ಣೆ ಹುಟ್ಟುತ್ತಿದೆ ಅನ್ನಲು ಅದು ಹೆಚ್ಚು ನಂಬಿಗಸ್ತ ಸಾಕ್ಷಿ, ಎಸ್1ರಲ್ಲಿ ಕೊಳೆ ಇಲ್ಲ ಅಂತ ಮೊದಲೇ ಖಚಿತ ಮಾಡಿಕೊಂಡಿದ್ದರೆ.

ಒಮ್ಮೆಗೇ ಜಿಗಿದರೆ ಪದರದ ಕಡೆ ನೋಡಿ. ಕೆಲವೇ ಮೀಟರ್‌ಗಳಲ್ಲಿ ಏರಿ ಮತ್ತೆ ಇಳಿದರೆ ಹತ್ತಿರದಲ್ಲೇ ಒಳನುಗ್ಗಿದ ಅಗ್ನಿಶಿಲೆಯ ಹಾಳೆ (ಸಿಲ್) ಅಥವಾ ಗೋಡೆ (ಡೈಕ್) ಶೇಲನ್ನು ಸುಟ್ಟಿದೆ. ಏರಿ ಹಾಗೇ ಮುಂದುವರಿದರೆ ಅಲ್ಲೊಂದು ಅಸಂಗತಿ ಇದೆ, ಮೇಲಿದ್ದ ಪದರ ಸವೆದು ಹೋಗಿದೆ. ಜಾರು ಒಡಕು ಪದರಗಳನ್ನು ನುಂಗಿರಲೂಬಹುದು. ಆಳದ ಕಾಲಂ ಕೊರೆದ ಉದ್ದವೋ ನೇರ ಆಳವೋ ಅನ್ನುವುದನ್ನೂ ನೋಡಿಕೊಳ್ಳಿ. ಓರೆ ಬಾವಿಯಲ್ಲಿ ಇವೆರಡರ ನಡುವೆ ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ.

ಲಕ್ಷಣ: ಎಣ್ಣೆಗೂ ಮೂಲಶಿಲೆಗೂ ತಾಳೆಯಾಗುವುದಿಲ್ಲ

ಬಾರ್ಮೇರ್ ಒಳ್ಳೆಯ ಪಾಠ. 2004ರಲ್ಲಿ ಸಿಕ್ಕ ಮಂಗಳಾ ಕ್ಷೇತ್ರದ ಎಣ್ಣೆ ಇರುವುದು ಫತೇಗಢ ಫಾರ್ಮೇಶನ್ನಿನ ಮರಳುಗಲ್ಲಿನಲ್ಲಿ. ಮುಖ್ಯ ಮೂಲಶಿಲೆ ಬಾರ್ಮೇರ್ ಹಿಲ್ ಫಾರ್ಮೇಶನ್, ಅದು ಫತೇಗಢದ ಮೇಲಿರುವ ಪದರ. "ಮೇಲಿನ ಕಲ್ಲಿನಿಂದ ಕೆಳಗಿನ ಕಲ್ಲಿಗೆ ಎಣ್ಣೆ ಹೆಂಗ ಬಂತ್ರಿ ಸರ?" ಅಂತ ಕೇಳುತ್ತಾರೆ. ಬಂದದ್ದು ನೇರ ಕೆಳಕ್ಕಲ್ಲ. ಒಡಕುಗಳಿಂದ ಓರೆಯಾದ ಬ್ಲಾಕ್‌ಗಳಲ್ಲಿ, ಆಳದ ಕಡೆ ಕೂತ ಮೂಲಶಿಲೆ ಎತ್ತರದ ಬ್ಲಾಕಿನ ಮರಳುಗಲ್ಲಿಗಿಂತ ಕೆಳಗೇ ಇರುತ್ತದೆ. ಎಣ್ಣೆ ಅಲ್ಲಿಂದ ಓರೆಯಾಗಿ ಮೇಲೇರಿತು. ಬಾವಿಯ ಲಾಗ್ ಮಾತ್ರ ನೋಡುತ್ತ ಕೂತರೆ ಇದು ಹೊಳೆಯುವುದಿಲ್ಲ, ಅಡ್ಡಕೊಯ್ತದ ಚಿತ್ರ ಬರೆದು ನೋಡಬೇಕು. ಆ ಎಣ್ಣೆಯಲ್ಲಿ ಮೇಣ ಎಷ್ಟೆಂದರೆ ಪೈಪ್‌ಲೈನನ್ನು ದಾರಿಯುದ್ದ ಬಿಸಿ ಇಡಬೇಕಾಗುತ್ತದೆ. ಸರೋವರದ ಪಾಚಿಯಿಂದ ಹುಟ್ಟಿದ ಎಣ್ಣೆಗೆ ಮೇಣ ಸಹಜ.

ಬಯೋಮಾರ್ಕರ್‌ಗಳಲ್ಲಿ ಮೊದಲು ಕೇಳಬೇಕಾದದ್ದು ವಯಸ್ಸು. ಓಲಿಯನೇನ್ ಹೂ ಬಿಡುವ ಗಿಡಗಳಿಂದ ಬರುತ್ತದೆ. ಅದು ಎಣ್ಣೆಯಲ್ಲಿ ಚೆನ್ನಾಗಿ ಕಂಡರೆ ಮೂಲ ಕ್ರಿಟೇಷಿಯಸ್‌ ಅಥವಾ ಅದಕ್ಕೂ ಈಚಿನದು. ಕೃಷ್ಣಾ-ಗೋದಾವರಿಯಲ್ಲಿ ಕ್ರಿಟೇಷಿಯಸ್‌ಗಿಂತ ಬಹಳ ಹಿಂದಿನ ಪರ್ಮಿಯನ್ ಕಾಲದ ಕೊಮ್ಮುಗೂಡೆಮ್ ಪದರವೂ ಕ್ರಿಟೇಷಿಯಸ್‌ನ ರಾಘವಾಪುರಂ ಶೇಲ್ ಕೂಡ ಮೂಲಶಿಲೆಗಳು, ಎರಡು ಬೇರೆ ಬಿರುಕಿನ ಕಾಲದವು. ಓಲಿಯನೇನ್ ತುಂಬಿದ ಎಣ್ಣೆಯನ್ನು ಕೊಮ್ಮುಗೂಡೆಮ್ ಹೆಸರಿಗೆ ಬರೆಯಲು ಬರುವುದಿಲ್ಲ. ಗ್ಯಾಮಸೆರೇನ್ ಅನ್ನುವ ಇನ್ನೊಂದು ಬಯೋಮಾರ್ಕರ್ ಜಾಸ್ತಿ ಇದ್ದರೆ ಮೇಲುನೀರು ಕೆಳನೀರು ಬೇರ್ಪಟ್ಟಿದ್ದ, ಹಲವು ಸಲ ಉಪ್ಪಾದ ಸರೋವರ. ಹಾಗಿದ್ದೂ ಒಂದೇ ಬಯೋಮಾರ್ಕರ್ ಹಿಡಿದು ತೀರ್ಪು ಕೊಡಬೇಡಿ. ಹಿಂದೆ ಹೇಳಿದ ಎಣ್ಣೆ ಮಡ್ ಇಲ್ಲೂ ಕಾಡುತ್ತದೆ.

ಬಾವಿಯುದ್ದ ಕಲ್ಲಿನ ವಿಕಿರಣ ಅಳೆಯುವ ಗಾಮಾ ಲಾಗ್ ಬಗ್ಗೆ ಒಂದು ಎಚ್ಚರಿಕೆ. ಸಮುದ್ರದ ಕಪ್ಪು ಶೇಲ್ ಯುರೇನಿಯಂ ಹಿಡಿದಿಟ್ಟುಕೊಂಡು ಗಾಮಾದಲ್ಲಿ ಎತ್ತರ ತೋರಿಸುತ್ತದೆ. ಸರೋವರದ ನೀರಿನಲ್ಲಿ ಯುರೇನಿಯಂ ಕಡಿಮೆ. ಶ್ರೀಮಂತ ಶೇಲ್ ಕೂಡ ಮಾಮೂಲಿ ಗಾಮಾ ತೋರಿಸಬಹುದು. ಗಾಮಾ ನೋಡಿ ಸ್ಯಾಂಪಲ್ ಆರಿಸಿದ್ದರೆ ಒಳ್ಳೆಯ ಪದರವನ್ನೇ ಬಿಟ್ಟಿರುತ್ತೀರಿ. ರೆಸಿಸ್ಟಿವಿಟಿ (ವಿದ್ಯುತ್ ತಡೆ) ಮತ್ತು ಸೋನಿಕ್ (ಶಬ್ದದ ಓಟ) ಲಾಗ್‌ಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲಿ ಬೇರ್ಪಡುತ್ತವೆ ಅಂತ ನೋಡಿ, ಅಲ್ಲಿಂದ ಸ್ಯಾಂಪಲ್ ತೆಗೆಯಿರಿ.

ಊರಿನ ಕಲ್ಲಿನಿಂದ ಒಂದು ಪರೀಕ್ಷೆ

ಗದಗದ ಕಪ್ಪತಗುಡ್ಡದ ಸುತ್ತಿನ ಶಿಸ್ಟ್ ಪಟ್ಟಿಯಲ್ಲಿ ಇಂಗಾಲ ಬೆರೆತ ಕಪ್ಪು ಫಿಲೈಟ್ (ಬೆಂದು ಬದಲಾದ ಜೇಡಿಗಲ್ಲು) ಸಿಗುತ್ತದೆ. ಒಂದು ಚೂರನ್ನು ಬ್ಯಾಚಿನ ನಡುವೆ ಹೆಸರು ಹೇಳದೆ ಸೇರಿಸಿ ಕಳಿಸಿ. ಟಿಓಸಿ ಬರಬೇಕು, ಎಸ್2 ಸೊನ್ನೆಗೆ ಹತ್ತಿರ ಇರಬೇಕು. ಬೆಂದು ಗ್ರಾಫೈಟ್ ಕಡೆಗೆ ಹೋದ ಇಂಗಾಲದಲ್ಲಿ ಒಡೆದು ಬರಲು ಏನೂ ಉಳಿದಿಲ್ಲ. ಅದರಲ್ಲಿ ಎಸ್1, ಎಸ್2 ಕಂಡರೆ ಅದಷ್ಟೂ ಚೀಲ, ಗ್ರೈಂಡರ್, ಬಟ್ಟಲು, ಹಿಂದಿನ ಸ್ಯಾಂಪಲ್ ಇವುಗಳಿಂದ ಬಂದ ಕೊಳೆ. ಬ್ಯಾಚಿನ ಎಲ್ಲಾ ಸ್ಯಾಂಪಲ್‌ಗೂ ಅಷ್ಟು ಅನುಮಾನ ಇಟ್ಟುಕೊಳ್ಳಿ. ಗ್ರೈಂಡರ್ ತೊಳೆಯಲು ಸುಟ್ಟ ಮರಳನ್ನು ಅರೆದು ಎಸೆಯುವ ಅಭ್ಯಾಸ ಮಾಡಿಕೊಂಡರೆ ಅರ್ಧ ಕೊಳೆ ಅಲ್ಲೇ ನಿಲ್ಲುತ್ತದೆ.

ತೆಗೆದುಹಾಕಿದ ಪ್ರತಿ ಸಾಲನ್ನೂ ರಿಪೋರ್ಟಿನ ಕೊನೆಯಲ್ಲಿ ಪಟ್ಟಿ ಮಾಡಿ: ಆಳ, ಯಾವ ಗುರುತು ಕಂಡಿತು, ಯಾವ ಪರೀಕ್ಷೆಯಿಂದ ಖಚಿತವಾಯಿತು. ಗುರುತು ಬರೆಯಲಾಗದಿದ್ದರೆ ಆ ಸಾಲನ್ನು ತೆಗೆಯುವ ಹಾಗಿಲ್ಲ, ವಾಪಸ್ ಹಾಕಿ. ಗ್ರಾಫಿನಲ್ಲಿ ಪದರಕ್ಕೊಂದು ಬಣ್ಣ ಕೊಡಿ, ಬಾವಿಗೊಂದು ಆಕಾರ ಕೊಡಿ. ಪುಡಿ ಮಾಡದ ಚೂರುಗಳಲ್ಲಿ ಅರ್ಧವನ್ನು ಆಳ ಬರೆದ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ, ಪ್ಲಾಸ್ಟಿಕ್ ಬೇಡ. ಮತ್ತೆ ಓಡಿಸಬೇಕಾಗಿ ಬಂದಾಗ ಕೇಳುವುದು ಅದನ್ನೇ.